ತಾವೇ ಹೊರಟ ಪೋಪ್

ಪರ್ವೀನ್,

ಇವತ್ತು ಮಗ ಹಿಸ್ಟರಿ ಹೋಮ್‌ವರ್ಕು ಓದಿ ಹೇಳಿದ. ಎಂಟನೇ ಶತಮಾನದಲ್ಲಿ ಇಟಲಿಯನ್ನು ಆಳುತ್ತಿದ್ದ ಲೊಂಬಾರ್ಡರ ದೊರೆ ರೋಮಿಗೆ ಸೇರಿದ ಊರುಗಳನ್ನು ಕಿತ್ತುಕೊಂಡಿದ್ದ. ಪೋಪ್ ಜಕಾರಿಯಸ್ ಸೈನ್ಯವಿಲ್ಲದೆ ತಾವೇ ಅವನ ಬಳಿಗೆ ಹೋದರಂತೆ. ದೊರೆ ಊರುಗಳನ್ನು ಮರಳಿಸಿದ. ಪೋಪ್ ಅವನನ್ನು ಊಟಕ್ಕೆ ಕೂರಿಸಿದರು. ಇಷ್ಟು ಉಂಡ ನೆನಪೇ ಇಲ್ಲ ಎಂದನಂತೆ.

"ವೈ ನಾಟ್ ಸೆಂಡ್ ಎ ಮೆಸೇಜ್, ಅಮ್ಮಾ?" ಎಂದ ಮಗ.

"ಮೆಸೇಜು ಸಾಲಲ್ಲ ಕಣೋ. ಬೇಕಾದವ್ರ ಮನೆಗೆ ನಾವೇ ಹೋಗ್ಬೇಕು."

ನಿನ್ನ ಮಗಳು ಮೆಹ್ರೀನ್ ಮದುವೆಗೆ ನೀನು ವಾಟ್ಸಾಪಿನಲ್ಲಿ ಕರೆದಾಗಲೂ ಇದನ್ನೇ ಹೇಳಿ ಮನೆಯಲ್ಲೇ ಕೂತಿದ್ದೆ. ಸ್ಯಾನ್ ಹೊಸೆಯ ನನ್ನ ಮನೆಯಿಂದ ಪ್ಲೆಸೆಂಟನ್ನಿನ ನಿನ್ನ ಮನೆಗೆ ಫ್ರೀವೇಯಲ್ಲಿ ಅರ್ಧ ಗಂಟೆ.

ಆಮೇಲೆ ನಿನ್ನ ಮನೆಗೆ ಬಂದದ್ದು ನಿನ್ನನ್ನು ಮಣ್ಣು ಮಾಡಿದ ದಿನ. ಅವತ್ತು ನನ್ನನ್ನು ಯಾರೂ ಕರೆದಿರಲಿಲ್ಲ.

ರಂಜನಿ