ಚಿತ್ರದಲ್ಲಿ ನೀರು ಸೋಸುವವಳು

ಚಳ್ಳಕೆರೆ
ಕೀಲಕ ಸಂವತ್ಸರ, ಜ್ಯೇಷ್ಠ ಬಹುಳ ಪಂಚಮಿ, ಶುಕ್ರವಾರ

ಮೊಳಕಾಲ್ಮೂರಿನಲ್ಲಿರುವ ನಮ್ಮ ಮನೆಯವರ ಪಾದಗಳಿಗೆ ಸರ್ವಮಂಗಳ ಮಾಡುವ ಶರಣಾರ್ಥಿ.

ನಿಮ್ಮ ಮೈ ಹೇಗಿದೆ? ದವಾಖಾನೆಯ ಔಷಧಿ ಘಾಟಿಗೆ ಬೆಳಗಾಗುತ್ತಲೇ ಹಿಡಿಯುತ್ತಿದ್ದ ಸೀನು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ, ಇಲ್ಲ ಸಾಲಿನಲ್ಲಿ ಕೂತ ರೋಗಿಗಳೆಲ್ಲ ಎದ್ದು ಹೋಗಲಿ ಎಂದು ಕಾಯುತ್ತಾ ಮಜ್ಜಿಗೆ ಕುಡಿದು ಮಲಗುತ್ತೀರಾ? ಇಲ್ಲಿ ಮಾವನವರು, ಅತ್ತೆಯವರು ಚೆನ್ನಾಗಿದ್ದಾರೆ. ಎಮ್ಮೆ ಕರು ಹಾಕಿದೆ, ಹೆಣ್ಣುಕರು. ನನ್ನ ಕಾಲಿನ ನಾರುಹುಣ್ಣು ಪೂರಾ ಮಾಯ್ದಿದೆ. ಶಿವರಾತ್ರಿ ಹೊತ್ತಿಗೆ ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದು ಒಡೆದಾಗ, ಒಳಗಿನಿಂದ ಇಣುಕಿದ ಆ ಬಿಳಿ ದಾರದಂಥ ಹುಳುವನ್ನು ದಿನಕ್ಕಿಷ್ಟೇ ಎಂದು ಕಡ್ಡಿಗೆ ಸುತ್ತಿ ಸುತ್ತಿ ಎಳೆದವರು ನೀವೇ ಅಲ್ಲವೇ? ಯುಗಾದಿ ಆದ ಮೇಲೆ ಮೊಳಕಾಲ್ಮೂರಿಗೆ ವರ್ಗವಾಗಿ ಹೊರಟಾಗ, ಕಾಲು ಮಾಯಲಿ, ಮನೆ ನೋಡಿ ಕರೆಸಿಕೊಳ್ಳುತ್ತೇನೆ ಎಂದಿರಿ. ಕಾಲು ಮಾಯ್ದು ಎಷ್ಟು ಕಾಲವಾಯಿತು! ಈಗ ತುಂಬಿದ ಕೊಡ ಹೊತ್ತು ಬಾವಿಯ ಮೆಟ್ಟಿಲು ಹತ್ತುತ್ತೇನೆ. ಮನೆ ಸಿಕ್ಕಿತೆಂದು ನೀವೇ ಬರೆದಿದ್ದೀರಿ. ಕರೆ ಮಾತ್ರ ಬಂದಿಲ್ಲ.

ಉಭಯಕುಶಲ ಎಂದು ಬರೆದು ಮುಂದಿನ ಮಾತಿಗೆ ಹೋಗಬೇಕಂತೆ. ನನ್ನ ಕಡೆ ಕುಶಲವಿಲ್ಲ. ನನಗೆ ಹೊಟ್ಟೆಕಿಚ್ಚಾಗಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು, ಅದು ನಿಮಗೆ ಗೊತ್ತು.

ವೈಶಾಖದಲ್ಲಿ ನೀವು ಬರೆದ ಕಾಗದವನ್ನು ಮಾವನವರು ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದರು. ಗಡಿ ಕಡೆಯ ಹಳ್ಳಿಗಳಲ್ಲಿ ನಾರುಹುಣ್ಣು ಬಹಳ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿನ ಕಾಲನ್ನು ಬಾವಿಗೆ ಇಳಿಸಬೇಡಿ ಎಂದು ಎಷ್ಟು ಹೇಳಿದರೂ ಜನ ಹೂಂಗುಟ್ಟಿ ನೇರ ಹೋಗಿ ಬಾವಿಗೆ ಇಳಿಯುತ್ತಾರೆ ಎಂದು ಬರೆದಿದ್ದಿರಿ. ಅದಕ್ಕೆ ಹಳೇ ಪಂಚೆಯ ಮೇಲೆ ಚಿತ್ರ ಬರೆದಿರಿ. ಒಂದು ಕಡೆ ಹುಣ್ಣಿನ ಕಾಲು ನೀರಿಗಿಟ್ಟ ಗಂಡಸು, ಇನ್ನೊಂದು ಕಡೆ ಮೇಲಿನ ಮೆಟ್ಟಿಲ ಮೇಲೆ ಕೂತು ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಿರುವ ಹೆಂಗಸು. ಎಲ್ಲರಿಗೂ ಕಾಣಲಿ ಎಂದು ಮೊದಲು ಹುಳುವನ್ನು ದಪ್ಪಗೆ ಬರೆದಿದ್ದಿರಂತೆ. ತೆಲುಗು ಮಾತಾಡುವ ಹಟ್ಟಿಯ ಹೆಂಗಸರು "ಪಾಮು, ಪಾಮು" ಎಂದು ಕೈಮುಗಿದು, ನಾಗಪ್ಪನಿಗೆ ಹಾಕುವ ಹಾಗೆ ಚಿತ್ರಕ್ಕೆ ಅರಿಸಿನ ಕುಂಕುಮ ಹಾಕಿ, ಹಾಲಿನ ಬಟ್ಟಲನ್ನೂ ತಂದಿಟ್ಟರಂತೆ! ಮಾವನವರು ಓದುವಾಗ ನಾನು ಬಾಗಿಲ ಸಂದಿಯಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನೀವು ಹಾವನ್ನು ಅಳಿಸಿ ಸಣ್ಣ ದಾರದ ಹಾಗೆ ಇನ್ನೊಮ್ಮೆ ಬರೆದ ಮೇಲೆ, ಹಟ್ಟಿಯ ಮುದುಕನೊಬ್ಬ ತನ್ನ ಕಾಲನ್ನೂ ಚಿತ್ರದ ಕಾಲನ್ನೂ ಮತ್ತೆ ಮತ್ತೆ ನೋಡಿ, ಬಾವಿಯ ಮೆಟ್ಟಿಲಿಗೆ ಇಳಿಸಿದ್ದ ಹೆಜ್ಜೆಯನ್ನು ಮೇಲಕ್ಕೆತ್ತಿಕೊಂಡ ಎಂಬಲ್ಲಿಗೆ ನನಗೆ ನಿಮ್ಮ ಮೇಲೆ ಎಷ್ಟು ಅಭಿಮಾನ ಬಂತು ಗೊತ್ತೇ?

ಅದೇ ಹಾಳೆಯಲ್ಲಿ ದ್ರಾಕ್ಷಾಯಣಮ್ಮ ಬಂದಳು. ಪಕ್ಕದ ಮನೆಯವಳು, ಗಂಡ ಇಲ್ಲ, ರೇಷ್ಮೆಗೆ ಬಣ್ಣ ಹಾಕುವ ಮನೆತನ. ದ್ರಾಕ್ಷಾಯಣಮ್ಮ ಕಲೆಸಿಕೊಟ್ಟ ಬಣ್ಣ ಮಳೆಗೂ ಬಿಡಲಿಲ್ಲ, ದ್ರಾಕ್ಷಾಯಣಮ್ಮನ ಕೈಗುಣವೇ ಗುಣ, ದ್ರಾಕ್ಷಾಯಣಮ್ಮ ರೊಟ್ಟಿ ಕೊಟ್ಟು ಕಳಿಸುತ್ತಾಳೆ. ನನ್ನ ಹೆಸರು ಎಲ್ಲಿಯೂ ಇಲ್ಲ. ಕೊನೆಗೆ "ಮನೆಯಲ್ಲಿ ಎಲ್ಲರಿಗೂ" ಎಂದು ಬರೆದಿದ್ದೀರಿ. ಆ ಎಲ್ಲರಲ್ಲಿ ನಾನೂ ಎಮ್ಮೆಯೂ ಸೇರಿದ್ದೇವೆ ಎಂದುಕೊಂಡೆ.

ಆಗ ನುಂಗಿಕೊಂಡಿದ್ದೆ. ಮೊನ್ನೆ ನಿಮ್ಮ ಸೋದರತ್ತೆ ಲಕ್ಷ್ಮಕ್ಕ ಮಗಳ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋಗಿದ್ದವರು ನಮ್ಮ ಮನೆಗೆ ಬಂದು ಕಾಲು ಚಾಚಿ ಕೂತರು. ಸೀರೆಯ ಸುದ್ದಿ ಒಂದು ಮಾತಿನಲ್ಲಿ ಮುಗಿಯಿತು. ಮಿಕ್ಕದ್ದೆಲ್ಲ ನಿಮ್ಮ ಚಿತ್ರದ ಸುದ್ದಿ. "ಜನದ ಹಿಂದೆ ನಿಂತು ಕಂಡಷ್ಟೇ ನೋಡ್ದೆ ಕಣೇ ಮಂಗಳಾ. ಏನ್ ಚಂದ ಬರ್ದವ್ನೆ ಆ ಹೆಂಗ್ಸನ್ನ! ದುಂಡು ಮುಖ, ನವಿಲುಗತ್ತಿನ ಬಣ್ಣದ ಸೀರೆ. ಆದ್ರೆ ಕಾಲಾಗೆ ಕಾಲುಂಗುರ ಇಲ್ಲ. ಗಂಡ ಇಲ್ದೋಳು ಅಂತ ಯಾರಿಗಾದ್ರೂ ಗೊತ್ತಾಗ್ತೈತೆ. ಪಕ್ಕದ ಮನ್ಯಾಕಿನ್ನೇ ಕುಂದ್ರಿಸ್ಕೊಂಡು ಬರ್ದಿರ್ಬೇಕು ಅಂತ ಅಲ್ಲಿ ಜನ ಆಡ್ಕಂತಾರೆ" ಎಂದರು. ಹಳ್ಳಿಗೆ ಹೋಗುವಾಗ ಆ ಬಟ್ಟೆಯ ಸುರುಳಿಯನ್ನು ಗಾಡಿಯಲ್ಲಿ ತೊಡೆಯ ಮೇಲೇ ಇಟ್ಟುಕೊಳ್ಳುತ್ತೀರಂತೆ. ಮಲಗುವಾಗ ಇಲಿ ಕಡಿದೀತೆಂದು ತಲೆದಿಂಬಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತೀರಂತೆ.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ನನಗೂ ಒಂದು ನವಿಲುಗತ್ತಿನ ಸೀರೆ ಇದೆ, ಮದುವೆಯದು. ಅಂಥದ್ದನ್ನೇ ಅವಳಿಗೂ ಕೊಡಿಸಿದಿರೋ ಏನೋ. ಇಲ್ಲಿ ಅತ್ತೆಯವರನ್ನು ಕೇಳಿದರೆ, "ಇನ್ನೇನ್ ಆಷಾಢ ಬಂತು, ಆಷಾಢದಾಗೆ ಹೊಸಾ ಒಲೆ ಹೂಡ್ಬಾರ್ದು, ಶ್ರಾವಣಕ್ಕೆ ನೋಡನ" ಎನ್ನುತ್ತಾರೆ. ಶ್ರಾವಣದ ಹೊತ್ತಿಗೆ ನನ್ನ ಒಲೆ ಹೂಡುವ ಜಾಗದಲ್ಲಿ ಇನ್ನೊಬ್ಬರ ಒಲೆ ಉರಿಯುತ್ತಿದ್ದರೆ ನಾನೇನು ಮಾಡಲಿ? ಅಲ್ಲಿ ನನಗೆ ಜಾಗ ಇದೆಯೋ ಇಲ್ಲವೋ, ಅದೊಂದನ್ನು ಬರೆಯಿರಿ. ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ಅಪ್ಪ ನನಗೆ ಮರಳಿನ ಮೇಲೆ ಅಕ್ಷರ ತೀಡಿಸಿದ್ದು ಇಂಥ ಮಾತನ್ನು ಬೇರೆಯವರ ಬಾಯಲ್ಲಿ ಓದಿಸಿಕೊಂಡು ಕೇಳುವುದು ಬೇಡ ಎಂದೇ ಇರಬೇಕು.

ಸೋಮವಾರ

ಶುಕ್ರವಾರ ಇಷ್ಟು ಬರೆಯುವಷ್ಟರಲ್ಲಿ ಅತ್ತೆಯವರು ಕೂಗಿದರು, ಕಾಗದವನ್ನು ಅಕ್ಕಿಯ ಗಡಿಗೆಯಲ್ಲಿ ಬಚ್ಚಿಟ್ಟೆ. ಈಗ ಹರಿದು ಹಾಕಬಹುದಿತ್ತು. ಹಾಕುವುದಿಲ್ಲ. ನಾನು ಉರಿದದ್ದು ನಿಮಗೂ ಗೊತ್ತಾಗಲಿ.

ನಿನ್ನೆ ಸಂತೆಗೆ ನಿಮ್ಮ ದವಾಖಾನೆಯ ಜವಾನ ಯರ್ರಪ್ಪ ಆ ಚಿತ್ರ ತಂದಿದ್ದ. ಚಳ್ಳಕೆರೆಯ ಜನಕ್ಕೂ ತೋರಿಸಿ ಬಾ ಎಂದು ನೀವೇ ಕಳಿಸಿದಿರಂತೆ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮೆಣಸಿನಕಾಯಿ ತರಬೇಕು ಎಂದು ಸುಳ್ಳು ಹೇಳಿ ಅತ್ತೆಯವರನ್ನು ಹೊರಡಿಸಿದೆ. ದಾರಿಯುದ್ದಕ್ಕೂ ದ್ರಾಕ್ಷಾಯಣಮ್ಮನ ಮುಖವನ್ನು ಹೇಗೆ ನೋಡಬೇಕು, ನೋಡಿ ಹೇಗೆ ಅಳದೆ ನಿಲ್ಲಬೇಕು ಎಂಬುದೇ ಚಿಂತೆ. ಹುಣಿಸೆಮರದ ಕೊಂಬೆಗೆ ಬಟ್ಟೆ ತೂಗುಹಾಕಿ ಯರ್ರಪ್ಪ ಕೋಲು ಹಿಡಿದು ನಿಂತಿದ್ದ. ಜನವೋ ಜನ. ನೂಕಿಕೊಂಡು ಮುಂದೆ ಹೋದೆ.

ಮುಖ ಯಾರದೂ ಅಲ್ಲ, ಬಿಡಿ. ಮುಖ ಬರೆಯುವುದು ನಿಮ್ಮ ಕೈಯಲ್ಲಿ ಆಗದ ಮಾತು. ಗೌರಿಹಬ್ಬದ ಸಕ್ಕರೆ ಬೊಂಬೆಯ ಮುಖ ಅದು. ಆದರೆ ಅವಳು ಬಿಂದಿಗೆಯನ್ನು ಮಂಡಿಗಳ ನಡುವೆ ಅಮುಕಿ ಹಿಡಿದಿದ್ದಳು. ಬಟ್ಟೆಯ ಮೇಲೆ ಸುತ್ತಿದ ದಾರದ ಒಂದು ತುದಿ ಕೈಯಲ್ಲಿತ್ತು, ಇನ್ನೊಂದು ತುದಿ ಹಲ್ಲಿನಲ್ಲಿತ್ತು.

ನಾನು ನೋಡುತ್ತಲೇ ಇದ್ದೆ. ನಮ್ಮ ಮನೆಯಲ್ಲಿ ಮೊದಲು ಲಿಂಗಪೂಜೆಗೆ ಮಾತ್ರ ಸೋಸಿದ ನೀರು, ಕುಡಿಯಲು ಬಾವಿಯಿಂದ ತಂದದ್ದು ತಂದ ಹಾಗೇ. ಈ ಹುಣ್ಣಾದ ಮೇಲೆ ಕುಡಿಯುವ ನೀರನ್ನೂ ಸೋಸು ಎಂದು ನೀವು ಹೇಳಿದಿರಿ. ಅಂದಿನಿಂದ ದಿನವೂ ಗಂಟು ಬಿಗಿಯಲು ನಾನು ದಾರವನ್ನು ಹಲ್ಲಿನಲ್ಲಿ ಕಚ್ಚುವುದು, ಅತ್ತೆಯವರು ಎಂಜಲು ಎಂಜಲು ಎಂದು ಕೂಗುವುದು, ನೀವು ಕಂಬಕ್ಕೆ ಒರಗಿ ನೋಡಿಯೂ ನೋಡದವರ ಹಾಗೆ ಇರುವುದು! ಅಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆಯವರು ಸಂತೆಗೆಲ್ಲ ಕೇಳುವಂತೆ ಕೂಗಿದರು. "ಅಯ್ಯೋ ಶಿವನೇ, ಇದು ನೀನೇ ಕಣೇ! ಈ ಎಂಜಲು ಬುದ್ಧಿ ಬಿಡು ಬಿಡು ಅಂತ ಮನ್ಯಾಗೆ ಬಾಯಿ ಬಡ್ಕಂಡೆ, ಈಗ ಸೀಮೆಗೆಲ್ಲ ಕಲಿಸ್ಯಾನಲ್ಲೇ ನನ್ ಮಗ!" ಹೆಂಗಸರು ಬಿದ್ದು ಬಿದ್ದು ನಕ್ಕರು. ನನ್ನ ಮುಖ ಎಲ್ಲಿಡಲಿ ಎನ್ನುವ ಹಾಗಾಯಿತು.

ಯರ್ರಪ್ಪ ಹೇಳಿದ್ದನ್ನು ಕೇಳಿ. ಚಿತ್ರದಲ್ಲಿ ಇದೆಯೆಂದು ಈಗ ಹಟ್ಟಿಗಳಲ್ಲಿ ಎಲ್ಲರೂ ದಾರ ಕಚ್ಚಿಯೇ ಕಟ್ಟುತ್ತಾರಂತೆ. ಕಚ್ಚುವುದೇ ಮದ್ದು ಎಂದು ತಿಳಿದಿದ್ದಾರಂತೆ. "ಹಲ್ಲಿಲ್ಲದ ಒಬ್ಬಜ್ಜಿ ದಿನಾ ಸೊಸೆನ್ನ ಕರೀತಾಳೆ ಕಣ್ರವ್ವಾ, ಬಂದು ಕಚ್ಚೇ, ಇಲ್ಲಾಂದ್ರೆ ನೀರು ಪಥ್ಯ ಆಗಲ್ಲ ಅಂತ. ಅತ್ತೆ ಸೊಸೆ ಮಾತು ಬಿಟ್ಟು ವರ್ಷ ಆಗಿತ್ತು, ಈಗ ಬಿಂದಿಗೆ ಮುಂದೆ ಇಬ್ರೂ ಕುಂದ್ರುತಾರೆ" ಎಂದ. ದ್ರಾಕ್ಷಾಯಣಮ್ಮ ನನ್ನ ಸೀರೆಯ ಬಣ್ಣವನ್ನು ನಿಮ್ಮನ್ನು ಕೇಳಿ ಕೇಳಿ, ಇದಾ ಇದಾ ಎಂದು ಮೂರು ಸಲ ಕಲೆಸಿದಳಂತೆ. ಆ ಬಣ್ಣ ಸರಿಯಾಗಿ ಕೂತಿದೆ, ನಾನು ಮೆಚ್ಚಿದೆ ಎಂದು ಆಕೆಗೆ ಹೇಳಿ. ಬಹಳ ಹೊಗಳಬೇಡಿ, ಇಷ್ಟೇ ಹೇಳಿ. ಆಕೆಯ ವಿಷಯದಲ್ಲಿ ನನ್ನದು ಕಾಮಾಲೆ ಕಣ್ಣಾಯಿತು, ಕಂಡದ್ದೆಲ್ಲ ಹಳದಿ. ಕಾಗದವನ್ನು ಮಾವನವರು ಪಡಸಾಲೆಯಲ್ಲಿ ಓದುತ್ತಾರೆ ಎಂಬ ಸಂಕೋಚಕ್ಕೆ ನೀವು ನನ್ನ ಹೆಸರು ಬರೆದಿಲ್ಲ, ಅದೂ ಈಗ ತಿಳಿಯಿತು.

ಇಲ್ಲಿಗೆ ಹೊಟ್ಟೆಕಿಚ್ಚು ಆರಿತು ಎಂದುಕೊಂಡಿರಾ? ನಾನೂ ಹಾಗೇ ಎಂದುಕೊಂಡೆ. ಮೆಣಸಿನಕಾಯಿ ಕೊಂಡು ಮನೆಗೆ ಬರುವವರೆಗೆ ಸಂತೋಷವಾಗಿಯೇ ಇದ್ದೆ. ಒಲೆಯ ಮುಂದೆ ಕೂತ ಮೇಲೆ ಮತ್ತೆ ಹತ್ತಿಕೊಂಡಿತು. ಈಗ ಅವಳ ಮೇಲೆ. ಬಟ್ಟೆಯ ಮೇಲೆ ಕೂತಿರುವ ಆ ಸರ್ವಮಂಗಳಳ ಮೇಲೆ. ಅವಳ ಕಾಲಿಗೆ ನಾರುಹುಣ್ಣು ಬಂದಿಲ್ಲ, ಹಿಮ್ಮಡಿಯಲ್ಲಿ ಕಲೆಯಿಲ್ಲ. ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ ಮಲಗಿರುವ ನನ್ನ ಸೀರೆಯನ್ನು ಅವಳು ದಿನವೂ ಉಡುತ್ತಾಳೆ. ನಿಮ್ಮ ತೊಡೆಯ ಮೇಲೆ ಊರೂರು ಸುತ್ತುತ್ತಾಳೆ. ರಾಂಪುರ ನೋಡಿದಳು, ಬೆಟ್ಟ ನೋಡಿದಳು, ನೀವು ಜನದ ಮುಂದೆ ನಿಂತು ಮಾತಾಡುವುದನ್ನು ಕೇಳಿದಳು. ನಾನು ಏನು ನೋಡಿದೆ? ಈ ಎಮ್ಮೆಯನ್ನು ನೋಡಿದೆ. ನನ್ನನ್ನು ನೆನೆದು ಬರೆದಿರಿ, ಸರಿ. ನೆನೆಯುವುದಕ್ಕೆ ಒಬ್ಬಳು ಸಿಕ್ಕಿದ ಮೇಲೆ ಕರೆಸುವುದು ಮರೆತುಹೋಯಿತೇ?

ಇನ್ನೊಂದು ಮಾತು. ಕಾಲು ಹೆಬ್ಬೆರಳಿನವರೆಗೆ ಚೊಕ್ಕವಾಗಿ ಕಾಣಲಿ, ಜನ ಹುಣ್ಣಿಲ್ಲದ ಕಾಲನ್ನೇ ನೋಡಲಿ ಎಂದು ನೀವು ಕಾಲುಂಗುರ ಬಿಟ್ಟಿರೆಂದು ಯರ್ರಪ್ಪ ಹೇಳಿದ. ಹುಣ್ಣಿಲ್ಲ ಎಂದು ತೋರಿಸಲು ಹೋಗಿ ಗಂಡನಿಲ್ಲ ಎಂದು ತೋರಿಸಿದಿರಿ. ಜನ ನೀವು ಬರೆದದ್ದನ್ನು ನೋಡುವುದಕ್ಕೆ ಮೊದಲು ಬರೆಯದೆ ಬಿಟ್ಟದ್ದನ್ನು ನೋಡುತ್ತಾರೆ. ಇದರಿಂದ ಪಾಪ ಆ ದ್ರಾಕ್ಷಾಯಣಮ್ಮನ ಹೆಸರೂ ಕೆಟ್ಟಿತು.

ಮಾವನವರು, ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಿನಲ್ಲಿ ತಲೆಗೆ ರುಮಾಲಿಲ್ಲದೆ ತಿರುಗಬೇಡಿ. ಶಿವ ನಿಮ್ಮನ್ನು ತಣ್ಣಗಿಟ್ಟಿರಲಿ.

ಇತಿ ನಿಮ್ಮ
ಸರ್ವಮಂಗಳ
(ಬಟ್ಟೆಯ ಮೇಲಿನವಳಲ್ಲ, ಚಳ್ಳಕೆರೆಯವಳು)

ಮರೆತೆ. ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಯರ್ರಪ್ಪ ಬರಿಗೈಯಲ್ಲಿ ಬರುತ್ತಾನೆ, ಅವನನ್ನು ಬಯ್ಯಬೇಡಿ. ಚಿತ್ರ ನನ್ನ ಹತ್ತಿರ ಇದೆ. ದೀಪದ ಕಾಡಿಗೆಗೆ ಎಣ್ಣೆ ಹಾಕಿ ಕಲೆಸಿ ಎರಡು ಕಾಲಿಗೂ ಕಾಲುಂಗುರ ನಾನೇ ಬರೆದೆ, ಸ್ವಲ್ಪ ದಪ್ಪವಾಗಿಯೇ ಬರೆದೆ. ಸಂತೆಯಲ್ಲಿ ಲಕ್ಷ್ಮಕ್ಕನ ಮಾತು ನಾಲ್ಕು ಜನರ ಬಾಯಲ್ಲಿ ಕೇಳಿದ ಮೇಲೆ ಅತ್ತೆಯವರೇ, ಆಷಾಢ ಹುಟ್ಟುವುದರೊಳಗೆ ಹೊರಡು ಎಂದಿದ್ದಾರೆ. ಗುರುವಾರ ಕ್ಯಾತಣ್ಣನ ಗಾಡಿಯಲ್ಲಿ ಮಾವನವರ ಜೊತೆ ಹೊರಡುತ್ತೇನೆ. ದಾರಿಯಲ್ಲಿ ಸಿಗುವ ತಳಕು ಊರಿನಲ್ಲಿ ಗಾಡಿ ನಿಲ್ಲಿಸಿ ಅಲ್ಲಿಯ ಹೆಂಗಸರಿಗೆ ಚಿತ್ರ ತೋರಿಸಿ, ದಾರ ಕಟ್ಟುವುದನ್ನೂ ನಾನೇ ಕಟ್ಟಿ ತೋರಿಸಿ ಬರುತ್ತೇನೆ. ಅವಳನ್ನು ದವಾಖಾನೆಯ ಗೋಡೆಗೆ ತೂಗುಹಾಕಲು ಒಂದು ಮೊಳೆ ಹೊಡೆಸಿಡಿ. ಇನ್ನು ಮೇಲೆ ಅವಳು ಅಲ್ಲಿಯೇ ಇರಲಿ, ನಿಮ್ಮ ತಲೆದಿಂಬಿನ ಪಕ್ಕದ ಜಾಗ ನನ್ನದು.