ಮಾವನ ಎರಡು ನಿಮಿಷ

ಮಾರ್ಚ್ 3, ಭಾನುವಾರ, ಮಧ್ಯಾಹ್ನ

ಇಂದೂ ಘನ ಕರ್ತವ್ಯವನ್ನು ಲೋಪವಿಲ್ಲದೆ ನೆರವೇರಿಸಿದೆ. ಪ್ರಾರ್ಥನಾ ಮಂದಿರದಲ್ಲಿ ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ದೇವರಿಗೆ ಸ್ತೋತ್ರ ಹೇಳುವುದು. ತಲೆಗೆ ಎರಡು ನಿಮಿಷ. ಮೀರಿದರೆ ನಾನು ಗಂಟೆ ಬಾರಿಸುವುದು. ಹಿಂದಿನ ಸಾಲಲ್ಲಿ ಕಿಸಿಕಿಸಿ ನಗುವ ನನ್ನನ್ನು ಮುಂದೆ ಕೂರಿಸಲು ಸಭೆಯ ಹಿರಿಯರು ಹೂಡಿದ ಉಪಾಯ. ಇರಲಿ. ಪದವಿ ಪದವಿಯೇ.

ಮೀರುವವರು ಒಬ್ಬರೇ — ನನ್ನ ಸೋದರಮಾವ. ಟೈಲರ್. ಇಂದಿನ ಸ್ತೋತ್ರಗಳು: ದಾರ ತುಂಡಾಗಲಿಲ್ಲ. ಕರೆಂಟು ಹೋಗಲಿಲ್ಲ. ಮದುಮಗಳ ಸೊಂಟದ ಅಳತೆ ಕೊನೇ ಗಳಿಗೆಯಲ್ಲಿ ಬದಲಾಗಲಿಲ್ಲ. ಬೇಕೆಂದೇ ಒಂದು ನಿಮಿಷಕ್ಕೆ ಬಾರಿಸಿದೆ. ಮಾವ ನನ್ನತ್ತ ತಿರುಗಿ, ಗಂಟೆ ಕೇಳಿಸುವ ಕಿವಿ ಕೊಟ್ಟಿದ್ದಕ್ಕೂ ಸ್ತೋತ್ರ ಅಂದು ಕೂತರು. ಸಭೆಯೆಲ್ಲ ನಗು. ನನ್ನ ಮೀಸೆ — ಇರುವಷ್ಟು — ಮಣ್ಣಾಯಿತು.

ಮಾರ್ಚ್ 14

ಮಶೀನಿನ ಸೂಜಿ ಮಾವನ ಬೆರಳಿಗೆ ಹೊಕ್ಕಿತು. ಆಗಲೇ ಗುಟ್ಟು ಹೊರಬಿದ್ದಿದ್ದು. ಬಲಗಣ್ಣು ಯಾವತ್ತೋ ಹೋಗಿದೆಯಂತೆ. ಎಡಗಣ್ಣೂ ಮಂಜು. ಆಪರೇಷನ್ ಆಗಬೇಕು. ಕಣ್ಣು ಉಳಿದರೆ ಅಂಗಡಿ ಉಳಿಯಿತು. ಇಲ್ಲದಿದ್ದರೆ…

ಅಕ್ಕನ ಜೊತೆ ಪಂದ್ಯ. ಆಪರೇಷನ್ ಕೈಕೊಟ್ಟರೆ ಮಾವ ಸ್ತೋತ್ರ ನಿಲ್ಲಿಸುತ್ತಾರೆ ಅಂತ ನಾನು. ಇಲ್ಲ ಅಂತ ಅವಳು. ಸೋತವರು ಒಂದು ವಾರ ಪಾತ್ರೆ ತೊಳೆಯಬೇಕು. ಬರೆಯುವಾಗ ನಾಚಿಕೆಯಾಯಿತು. ಆದರೂ ಹೊಡೆದುಹಾಕಿಲ್ಲ.

ಏಪ್ರಿಲ್ 7, ಭಾನುವಾರ

ಆಪರೇಷನ್ ಕೈಕೊಟ್ಟಿತು. ಬೆಳಕು, ನೆರಳು — ಅಷ್ಟೇ ಕಾಣುವುದು.

ಮಾವ ಅತ್ತೆಯ ಕೈ ಹಿಡಿದು ಮಂದಿರಕ್ಕೆ ಬಂದರು. ಸರದಿ ಬಂದಾಗ ಎದ್ದು ನಿಂತರು. ಮಾತಿಲ್ಲ. ಒಂದು ನಿಮಿಷ. ಎರಡು. ಹಿರಿಯರು ನನ್ನ ಮುಖ ನೋಡಿದರು. ಗಂಟೆಯ ಮೇಲಿದ್ದ ಕೈ ಏಳಲಿಲ್ಲ. ಆಮೇಲೆ ಮೆಲ್ಲಗೆ:

“ದೇವರೇ, ಈ ವಾರ ಸ್ತೋತ್ರ ಹೇಳೋಕೆ ನಂಗೇನೂ ಸಿಗಲಿಲ್ಲ. ಹುಡುಕಿದೆ. ನಿನ್ ಮೇಲೆ ಕೋಪಾನೂ ಇದೆ, ಮುಚ್ಚಿಡಲ್ಲ. ಆದ್ರೂ ನೀನು ದೊಡ್ಡೋನೇ. ಅಷ್ಟು ಹೇಳಿ ಹೋಗೋಣ ಅಂತ ಬಂದೆ.”

ಕೂತರು. 

ಇಷ್ಟು ದಿನ ಮಾವ ಸಾಮಾನಿನ ಪಟ್ಟಿ ಓದುತ್ತಾರೆ ಅಂದುಕೊಂಡಿದ್ದೆ. ಪಟ್ಟಿ ಖಾಲಿಯಾಯಿತು. ಸ್ತೋತ್ರ ಮಾತ್ರ ಹಾಗೇ ಉಳಿದಿತ್ತು.

ಅಕ್ಕ ಪಂದ್ಯದ ಮಾತೆತ್ತಲಿಲ್ಲ. ನಾನೇ ಹೋಗಿ ಪಾತ್ರೆ ತೊಳೆದೆ.

ಏಪ್ರಿಲ್ 25

ಮಾವನ ಅಂಗಡಿಗೆ ಯಾರೂ ಬಟ್ಟೆ ಕೊಡುತ್ತಿಲ್ಲ. ನಾನು ಒಂದು ಅಂಗಿ ಬಟ್ಟೆ ಕೊಂಡುಹೋದೆ. ಮಾವ ಗೇಣು ಹಾಕಿ ಅಳೆದರು. “ಇಷ್ಟು ಸಣ್ಣ ಕತ್ತಿನಲ್ಲಿ ಅಷ್ಟು ಸೊಕ್ಕು ಹೆಂಗೋ ಹಿಡಿಸ್ತು ನಿಂಗೆ?” ಕಣ್ಣು ಹೋದರೂ ನಾಲಿಗೆ ಸುಸ್ಥಿತಿಯಲ್ಲಿದೆ ಎಂದು ಇಲ್ಲಿ ದಾಖಲಿಸಲಾಗಿದೆ.

ಬಟ್ಟೆ ಕತ್ತರಿಸಿ ಸೂಜಿಗೆ ದಾರ ಪೋಣಿಸುವುದು ಅತ್ತೆ. ಹೆಬ್ಬೆರಳಲ್ಲಿ ಅಂಚು ತಡವಿ ತಡವಿ, ಕೈಹೊಲಿಗೆ ಹಾಕುವುದು ಮಾವ. ಮೊದಲ ಸಾಲು ಮೂರು ಸಲ ಬಿಚ್ಚಿದರು. ನೋಡುತ್ತಾ ಕೂತೆ. ಕೀಟಲೆ ಒಂದೂ ಹೊಳೆಯಲಿಲ್ಲ.

ಮೇ 12, ಭಾನುವಾರ, ಬೆಳಿಗ್ಗೆ 7

ನಿನ್ನೆ ಅಂಗಿ ಬಂತು. ಎಡತೋಳು ಅರ್ಧ ಇಂಚು ಉದ್ದ. ಹೊಲಿಗೆ ಮಾತ್ರ ಇರುವೆ ಸಾಲಿನ ಹಾಗೆ. ತೋಳು ಮಡಚಿಕೋ ಅಂದಳು ಅಕ್ಕ. ಮಡಚುವುದಿಲ್ಲ. ನೋಡಲಿ ಎಲ್ಲರೂ.

ಇಂದು ನಾನೂ ಎದ್ದು ನಿಲ್ಲುತ್ತೇನೆ. ತಮಾಷೆಗಲ್ಲ — ಅಂದರೆ ಯಾರು ನಂಬುತ್ತಾರೆ? ಇಲ್ಲೇ ಬರೆದು ಬಾಯಿಪಾಠ ಮಾಡಿಕೊಳ್ಳುವುದು.

ಪರಮ ಪೂಜ್ಯ ಸರ್ವಶಕ್ತನ ದಿವ್ಯ ಸನ್ನಿಧಿಗೆ… ಛೆ, ಅರ್ಜಿಯಾಯಿತು.

ದೇವರೇ, ಈ ಅಂಗಿ ಹೊಲಿದ ಕೈಗಾಗಿ ಸ್ತೋತ್ರ. ಆ ಕೈ ಕೊಟ್ಟ ನೀನು… ಇಲ್ಲ. ಇದೂ ಪಟ್ಟಿಯೇ.

ದೇವರೇ, ನೀನು ದೊಡ್ಡೋನೇ. ಸಾಕು, ಇಷ್ಟೇ ಹೇಳುವುದು.