ಹೆಸರು ಹುಟ್ಟದ ಅಕ್ಷರ

ಮೆಲ್ಬರ್ನ್
೧೪ ಆಗಸ್ಟ್ ೧೯೯೪, ಭಾನುವಾರ

ಪ್ರೀತಿಯ ನಿನಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಫೋನಿನಲ್ಲಿ ಚಳಿ, ಅಡುಗೆ ಎಂದು ಮಾತು ಮುಗಿಸಿಬಿಡುತ್ತೇನೆಂದು ಬೈದಿದ್ದೀಯ, ಸರಿಯಾಗಿಯೇ ಬೈದಿದ್ದೀಯ. ತಡವಾಯಿತೆಂದು ಬೇಸರಿಸಬೇಡ. ನಾನು ಆರಾಮ. ನೀನು ಕೊಟ್ಟ ಮಫ್ಲರನ್ನು ಕ್ಲಾಸಿನಲ್ಲೂ ತೆಗೆಯುವುದಿಲ್ಲ.

ಇಲ್ಲಿಯ ಹುಡುಗರಿಗೆ ಟೈಪೊಗ್ರಫಿ ಎಂದರೆ ಕಂಪ್ಯೂಟರಿನಲ್ಲಿ ಫಾಂಟ್ ಆರಿಸುವುದು, ಅಷ್ಟೇ. ಅಕ್ಷರವನ್ನು ಕಣ್ಣಿಟ್ಟು ನೋಡುವುದಿಲ್ಲ. ಅದಕ್ಕೇ ಒಂದು ಆಟ ಹೂಡಿದೆ. ರೈಲ್ವೆ ಸ್ಟೇಷನ್ನುಗಳ ಹೆಸರು ಬರೆದ ಚೀಟಿಗಳನ್ನು ಟೋಪಿಯಲ್ಲಿ ಹಾಕಿ ಎತ್ತಿಸಿದೆ. ಬಂದ ಸ್ಟೇಷನ್ನಿನಲ್ಲಿ ಇಳಿದು, ಯಾರೂ ಬರೆಯದೆ ತಾನಾಗಿಯೇ ಮೂಡಿದ ಅಕ್ಷರವೊಂದರ ಫೋಟೊ ತರಬೇಕು. ಗ್ಲೆನ್ ವೇವರ್ಲಿಗೆ ಹೋದವನು ಬೇಲಿಯ ಪಕ್ಕ ಕಾಲು ಅಗಲಿಸಿ ನಿಲ್ಲಿಸಿದ್ದ ಏಣಿಯಲ್ಲಿ ಇಂಗ್ಲಿಷಿನ 'ಎ' ಹಿಡಿದು ತಂದ. ಕ್ಲಾಸಿಗೆ ಜೀವ ಬಂತು.

ಜೊವಾನಿಟಾ ಎಂಬ ಮಂಗಳೂರು ಕಡೆಯ ಹುಡುಗಿಗೆ ವೆರಿಬೀ ಸ್ಟೇಷನ್ನಿನ ಚೀಟಿ ಬಂದಿತ್ತು. ಅವಳ ಫೋಟೊದಲ್ಲಿ ಫುಟ್‌ಪಾತಿನ ಮೇಲೆ ಪೇಂಟ್ ಡಬ್ಬಿ ಇಟ್ಟೆತ್ತಿದ ಉಂಗುರ, ನಡುವೆ ಒಂದು ತೊಟ್ಟು, ಮೇಲೆ ಯಾರದೋ ಶೂ ಸವರಿದ ಗೀಟು. ಎಲ್ಲರೂ ಅದನ್ನು 'ಓ' ಎಂದರು.

"ಅಲ್ಲ ಸರ್, ನಮ್ಮ ಗ್ರ್ಯಾನಿಗೆ ತೋರಿಸಿದೆ. ಕನ್ನಡದ ಠ ಅಂತೆ. ಇದರಿಂದ ಯಾವ ಹೆಸರು ಶುರುವಾಗ್ತದೆ?"

ಇದೇ ಪ್ರಶ್ನೆಯನ್ನು ನೀನು ಕೇಳಿದ್ದೆ, ಐದು ವರ್ಷದ ಹಿಂದೆ, ಸಿಡ್ನಿಯ ಆಸ್ಪತ್ರೆಯ ಹಾಸಿಗೆಯಲ್ಲಿ. ಅಮ್ಮ ಮೈಸೂರಿನಿಂದ ಫೋನ್ ಮಾಡಿ, ಮಗುವಿನದು ಹಸ್ತಾ ನಕ್ಷತ್ರ, ನಾಲ್ಕನೆಯ ಪಾದ, ಠ ಅಕ್ಷರದ ಹೆಸರಿಡಬೇಕಂತೆ ಎಂದಿದ್ದರು. "ಠ ಅಂದ್ರೆ ಠಕ್ಕ ಒಂದೇ ಕಣ್ರೀ ಗೊತ್ತಿರೋದು. ಮಗೂಗೆ ಅದನ್ನ ಇಡೋಕಾಗುತ್ತಾ?" ಎಂದು ನೀನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕೆ. ನಾಮಕರಣಕ್ಕೆ ಹನ್ನೊಂದು ದಿನವಿದೆ, ನಿಧಾನವಾಗಿ ಹುಡುಕೋಣ ಎಂದುಕೊಂಡೆವು. ಮಗು ಆ ವಾರವನ್ನೂ ದಾಟಲಿಲ್ಲ.

ಅಂದಿನಿಂದ ಆ ಅಕ್ಷರ ನನ್ನನ್ನು ಬಿಟ್ಟಿಲ್ಲ. ಕಾಫಿ ಲೋಟದ ಗುರುತಿನಲ್ಲಿ, ಸಿಂಕಿನ ತೂತಿನಲ್ಲಿ, ಟ್ರಾಮಿನ ಕಿಟಕಿಯ ಆವಿಯಲ್ಲಿ ನನ್ನನ್ನೇ ನೋಡುತ್ತಿರುತ್ತದೆ. ಸಿಡ್ನಿ ಬಿಟ್ಟರೆ ಅದೂ ಬಿಟ್ಟೀತೆಂದು ಇಲ್ಲಿಯ ಕೆಲಸ ಒಪ್ಪಿಕೊಂಡೆ. ಈಗ ನಾನೇ ಹುಡುಕಿಸಿ ತರಿಸಿಕೊಂಡ ಹಾಗಾಯಿತು.

"ಯಾವ ಹೆಸರೂ ಇಲ್ಲ," ಎಂದೆ.

"ಪಾಪ," ಎಂದಳು. ಅಕ್ಷರಕ್ಕೆ ಅಂದದ್ದು.

ಎಲ್ಲರಂತೆ ಅವಳೂ ತನ್ನ ಅಕ್ಷರವನ್ನು ಲೈನೊ ಎಂಬ ರಬ್ಬರಿನಂಥ ಹಾಳೆಯಲ್ಲಿ ಕೊರೆದು ಅಚ್ಚು ಹಾಕಿದಳು. ಹಸಿ ಅಚ್ಚುಗಳು ಗೋಡೆಯ ಮೇಲೆ ತೂಗುತ್ತಿದ್ದವು. ಅವುಗಳಿಗೆ ಬೆನ್ನು ಹಾಕಿ ನಿಂತು ಪಾಠ ಮುಗಿಸಿದೆ.

ಶುಕ್ರವಾರ ಸಿಡ್ನಿಗೆ ಬರುತ್ತೇನೆ. ಈ ಸಲ ಇಬ್ಬರೂ ಸ್ಮಶಾನಕ್ಕೆ ಹೋಗಿಬರೋಣ. ನೀನು ಒಮ್ಮೆಯೂ ಬಂದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಚೆನ್ನಾಗಿರು.

ನಿನ್ನ
ಲಕ್ಷ್ಮೀಶ

ಇನ್ನೊಂದು ಮಾತು: ಮಗು ಹೆಸರಿಲ್ಲದೆ ಹೋಯಿತೆಂದು ಕೊರಗುತ್ತೀಯ. ಹಾಗೆ ಹೋಗಲಿಲ್ಲ. ಆ ಬೆಳಗ್ಗೆ ನಿನಗೆ ಜ್ವರದ ಮಂಪರು. ನರ್ಸ್ ಅವಳನ್ನು ನನ್ನ ಕೈಗೆ ಕೊಟ್ಟು, "ಹೆಸರು ಹಿಡಿದು ಮಾತಾಡಿಸಿ, ಅವಳಿಗೆ ಕೇಳಿಸುತ್ತೆ," ಎಂದಳು. ಕಿವಿಯ ಹತ್ತಿರ ಬಾಯಿ ತಂದೆ. ಏನೂ ತೋಚಲಿಲ್ಲ. ಕೊನೆಗೆ ನಾಲಿಗೆಗೆ ಬಂದದ್ದು ನಿನ್ನದೇ ಹೆಸರು. "ಅಹಲ್ಯಾ," ಎಂದೆ. ಕಣ್ಣು ಬಿಟ್ಟಳು. ಆಮೇಲೆ ಮುಚ್ಚಿದಳು. ನಿನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಯಾಕೆ ಬಿಟ್ಟೆನೆಂದು ಕೇಳಿದ್ದೆಯಲ್ಲ. ಕರೆದರೆ ಇಬ್ಬರೂ ತಿರುಗಿ ನೋಡುತ್ತೀರಿ.